ಹಳದಿ ಬನಿಯನ್ನು ಬಿಚ್ಚಿದ ಮೇಲೆ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಬಿಡುವು ಮಾಡಿಕೊಂಡು ಬಂದಿರುವ ಮುಖ್ಯ ಅತಿಥಿಗಳೇ, ಮುಂದಿನ ಸಾಲಿನಲ್ಲಿ ಕೂತು ಆಗಲೇ ಒಂದು ಕಣ್ಣು ಮುಚ್ಚಿರುವ, ನಮಗೆಲ್ಲ ಫುಟ್‌ಬಾಲು ಕಲಿಸಿದ ನಮ್ಮ ಮೇಷ್ಟ್ರೇ, ನನ್ನ ಜೊತೆ ಆಡಿದವರೇ, ನನ್ನನ್ನು ಆಡಿಕೊಂಡವರೇ, ಮತ್ತು ಇಷ್ಟು ಹೊತ್ತು ತಾಳ್ಮೆಯಿಂದ ಕೂತಿರುವ ಸಭಿಕರೇ,

ನನಗೆ ಎರಡು ಮಾತಾಡಿ ಎಂದಿದ್ದಾರೆ. ನನ್ನ ಹೆಂಡತಿ ಒಂದೇ ಸಾಕು ಎಂದು ಹೇಳಿ ಕಳಿಸಿದ್ದಾಳೆ. ನಾಲ್ಕಾದರೆ ಇಬ್ಬರೂ ಕ್ಷಮಿಸಬೇಕು.

ಈಗ ತಾನೇ ನನ್ನ ಕೈಗೆ ಈ ಗಾಜಿನ ಚೌಕಟ್ಟು ಕೊಟ್ಟಿದ್ದೀರಿ. ಒಳಗೆ ನನ್ನ ಐದನೇ ನಂಬರಿನ ಜೆರ್ಸಿ, ಇಸ್ತ್ರಿ ಮಾಡಿ ಮಡಿಸಿಟ್ಟಿದ್ದೀರಿ. ನಾನು ಹಾಕಿಕೊಂಡಿದ್ದಾಗ ಒಂದು ದಿನವೂ ಅದು ಇಷ್ಟು ಚೆನ್ನಾಗಿ ಕಂಡಿರಲಿಲ್ಲ. ಭಾರವಿದೆ, ಹಿಡಿದುಕೊಂಡು ಮಾತಾಡಲು ಆಗುವುದಿಲ್ಲ. ನನ್ನ ಕುರ್ಚಿಯ ಮೇಲೆ ಇಡುತ್ತೇನೆ. ಹಾಂ. ಈಗ ನನ್ನ ಜಾಗದಲ್ಲಿ ನನ್ನ ಜೆರ್ಸಿ ಕೂತಿದೆ, ನಾನು ನಿಂತಿದ್ದೇನೆ.

ನಮ್ಮ ಅಧ್ಯಕ್ಷರು ತಮ್ಮ ಭಾಷಣದಲ್ಲಿ ಒಂದು ಘೋಷಣೆ ಮಾಡಿದರು. ಐದನೇ ನಂಬರನ್ನು ಇನ್ನು ಯಾರಿಗೂ ಕೊಡುವುದಿಲ್ಲ, ಈ ಆಟಗಾರ ಉಸಿರಿರುವ ತನಕ ನಮ್ಮವನೇ, ಎಲ್ಲಿಗೂ ಬಿಟ್ಟುಕೊಡುವುದಿಲ್ಲ ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಆದರೆ ಹಾಗೆ ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ. ಯಾಕೆ ನೋಡಲಿಲ್ಲ? ಯಾಕೆಂದರೆ ತಂಡ ಬಿಡಬೇಕು, ನನ್ನನ್ನು ಕಳಿಸಿಕೊಡಿ ಎಂದು ಈ ತಿಂಗಳಲ್ಲೇ ಮೂರು ಸಲ ಅವರ ಅಂಗಡಿಗೆ ಹೋಗಿ ಕೇಳಿದ್ದೇನೆ. ಅವರದು ಬಣ್ಣ, ಮೊಳೆ, ಪೈಪು ಮಾರುವ ಅಂಗಡಿ. ಮೊದಲನೇ ಸಲ ಟೀ ತರಿಸಿದರು. ಎರಡನೇ ಸಲ ಹೊಸದಾಗಿ ಬಂದ ಬಣ್ಣಗಳನ್ನು ತೋರಿಸಿ, ನಿಮ್ಮ ಮನೆ ಗೋಡೆಗೆ ಯಾವುದು ಒಪ್ಪುತ್ತೆ ಅಂದರು. ಮೂರನೇ ಸಲ, "ಸನ್ಮಾನ ಒಂದು ಆಗಲಿ, ಆಮೇಲೆ ಕೂತು ಮಾತಾಡೋಣ" ಅಂದರು.

ಸನ್ಮಾನ ಆಯಿತು. ಅಧ್ಯಕ್ಷರೇ, ನೀವು ಕೂತಿದ್ದೀರಿ. ಮಾತಾಡೋಣ.

ಗಾಬರಿಯಾಗಬೇಡಿ. ಜಗಳಕ್ಕೆ ನಿಂತವನಲ್ಲ ನಾನು. ಈ ಕ್ಲಬ್ಬಿನ ಋಣ ನನ್ನ ಮೈಮೇಲೆಲ್ಲ ಇದೆ. ನಾನು ಇಲ್ಲಿಗೆ ಬಂದಾಗ ನನ್ನ ಬಳಿ ಬೂಟು ಕೂಡ ಇರಲಿಲ್ಲ. ಮೇಷ್ಟ್ರು ಯಾರದೋ ಹಳೆಯ ಜೊತೆ ಕೊಟ್ಟರು, ಎರಡು ಸೈಜು ದೊಡ್ಡದು, ಮುಂದೆ ಬಟ್ಟೆ ತುರುಕಿಕೊಂಡು ಆಡಿದೆ. ಚೆಂಡು ಒದ್ದರೆ ಬೂಟು ಮೊದಲು ಹೋಗುತ್ತಿತ್ತು, ಚೆಂಡು ಹಿಂದಿನಿಂದ ಹೋಗುತ್ತಿತ್ತು. ಒಬ್ಬ ಫಾರ್ವರ್ಡ್ ಬಂದು ನನ್ನ ಎದೆಗೆ ಡಿಕ್ಕಿ ಹೊಡೆದು ತಾನೇ ಬಿದ್ದಾಗ, "ಇವನು ಮನುಷ್ಯನಲ್ಲ ಕಣ್ರೋ, ಗೋಡೆ" ಎಂದು ಹೆಸರಿಟ್ಟವರೂ ಮೇಷ್ಟ್ರೇ. ಅಂದಿನಿಂದ ಈ ಊರಲ್ಲಿ ನನ್ನ ಹೆಸರು ಗೋಡೆ. ನನ್ನ ಹೆಂಡತಿಗೆ ಗೋಡೆಯ ಹೆಂಡತಿ ಅಂತಾರೆ. ಅವಳು ಟೈಲರ್. ನಿಮ್ಮೆಲ್ಲರ ಜೆರ್ಸಿಯ ಮೇಲೆ ನಂಬರು ಹೊಲಿದವಳು ಅವಳೇ. ನನ್ನ ಸೊಂಟದ ಅಳತೆ ವರ್ಷದಿಂದ ವರ್ಷಕ್ಕೆ ಹೇಗೆ ನಡೆದು ಬಂತು ಎಂಬುದು ಅವಳಿಗೆ ಮಾತ್ರ ಗೊತ್ತು, ಇದುವರೆಗೂ ಬಾಯಿ ಬಿಟ್ಟಿಲ್ಲ. ಅದಕ್ಕೂ ಇವತ್ತು ಧನ್ಯವಾದ ಹೇಳಿಬಿಡುತ್ತೇನೆ.

ನಮ್ಮ ಡ್ರೆಸ್ಸಿಂಗ್ ರೂಮು ನಿಮಗೆ ಗೊತ್ತು. ತಗಡಿನ ಮಾಡು, ನಿಲ್ಲಿಸಿದರೂ ನಿಲ್ಲದ ನಲ್ಲಿ, ಒಂದು ಕಾಲು ಗಿಡ್ಡವಾದ ಬೆಂಚು. ಆ ಬೆಂಚಿನ ಮೂಲೆಯಲ್ಲಿ ಕೂತರೆ ಮಿಕ್ಕವರೆಲ್ಲ ಮೇಲೇಳುತ್ತಾರೆ. ಅಲ್ಲಿ ಒಂದು ಮೊಳೆಗೆ ಹಳದಿ ಬನಿಯನ್ನು ನೇತಾಡುತ್ತಿರುತ್ತದೆ. ಅತಿಥಿಗಳಿಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಪೆಟ್ಟು ತಿಂದು ಮಲಗಿದ್ದವನು ಮತ್ತೆ ಪ್ರಾಕ್ಟೀಸಿಗೆ ಬಂದಾಗ ಆ ಬನಿಯನ್ನು ಹಾಕಿಕೊಳ್ಳಬೇಕು. ಅದನ್ನು ಹಾಕಿಕೊಂಡವನ ಕಾಲಿಗೆ ಯಾರೂ ಕಾಲು ಹಾಕುವಂತಿಲ್ಲ, ಮೈಗೆ ಮೈ ತಾಗಿಸುವಂತಿಲ್ಲ. ಅವನು ಚೆಂಡು ಹಿಡಿದುಕೊಂಡು ಬಂದರೆ ದಾರಿ ಬಿಡಬೇಕು. ಇದು ಮೇಷ್ಟ್ರು ಮಾಡಿದ ಕಟ್ಟಳೆ, ಒಳ್ಳೆಯ ಕಟ್ಟಳೆ. ಎಷ್ಟೋ ಜನರ ಕಾಲು ಉಳಿದದ್ದು ಆ ಬನಿಯನ್ನಿನಿಂದ.

ಎರಡು ವರ್ಷದ ಹಿಂದೆ ನನ್ನ ಮಂಡಿಗೆ ಆಪರೇಷನ್ ಆದಾಗ ನಾನೂ ಹಾಕಿಕೊಂಡೆ. ಮೂರು ತಿಂಗಳು ಹಾಕಿಕೊಂಡೆ. ಡಾಕ್ಟರು ಸಾಕು ಎಂದ ದಿನ ಬಿಚ್ಚಿ, ಒಗೆದು, ಅದೇ ಮೊಳೆಗೆ ನೇತುಹಾಕಿದೆ.

ಆಮೇಲೆ ಏನಾಯಿತು ಗೊತ್ತೇ? ನಾನು ಹುಲಿಯಾಗಿಬಿಟ್ಟೆ. ಪ್ರಾಕ್ಟೀಸಿನಲ್ಲಿ ಯಾರ ಕಾಲಿಂದ ಬೇಕಾದರೂ ಚೆಂಡು ಕಸಿಯುತ್ತಿದ್ದೆ. ನನ್ನಿಂದ ಯಾರಿಗೂ ಕಸಿಯಲು ಆಗುತ್ತಿರಲಿಲ್ಲ. ಮನೆಗೆ ಹೋಗಿ ಹೆಂಡತಿಯ ಮುಂದೆ ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು. "ಈ ಕಾಲದ ಹುಡುಗರಲ್ಲಿ ಕಸುವೇ ಇಲ್ಲ ಕಣೇ. ಡಾಕ್ಟರು ಮಂಡಿಗೆ ಏನು ಹಾಕಿದಾನೋ, ಮೊದಲಿಗಿಂತ ಚೆನ್ನಾಗಿ ಆಡ್ತಿದೀನಿ." ಅವಳು ಸೂಜಿಗೆ ದಾರ ಪೋಣಿಸುತ್ತಾ ಹೂಂ ಹೂಂ ಅನ್ನುತ್ತಿದ್ದಳು.

ಒಂದು ಸಂಜೆ ಹೊಲಿದ ಚಡ್ಡಿಗಳ ಗಂಟು ಕೊಡಲು ಅವಳು ಮೈದಾನಕ್ಕೆ ಬಂದಳು. ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ನೋಡಿದಳು. ನಾನು ಅವಳಿಗೆ ಕಾಣಲಿ ಎಂದು ಇನ್ನೂ ಎರಡು ಸುತ್ತು ಜಾಸ್ತಿ ಓಡಿದೆ. ವಾಪಸು ನಡೆದು ಹೋಗುವಾಗ ಕೇಳಿದಳು, "ರೀ, ಆ ಹಳದಿ ಬನಿಯನ್ನು ಬಿಚ್ಚಿ ಎಷ್ಟು ದಿನ ಆಯ್ತು?"

"ಅದಾ? ವರ್ಷದ ಮೇಲಾಯ್ತಲ್ಲ."

"ಮತ್ತೆ ಅವರಿಗೆಲ್ಲ ಯಾಕೆ ಇನ್ನೂ ಕಾಣ್ತಿದೆ?"

ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಅವಳಿಗೇನು ಗೊತ್ತು ಫುಟ್‌ಬಾಲು ಅಂದುಕೊಂಡೆ. ಆದರೆ ಹುಳ ಬಿಟ್ಟಾಗಿತ್ತಲ್ಲ, ತಲೆಯಲ್ಲಿ ಕೊರೆಯತೊಡಗಿತು. ಮುಂದಿನ ಪ್ರಾಕ್ಟೀಸಿನಲ್ಲಿ ಒಂದು ಪರೀಕ್ಷೆ ಮಾಡಿಯೇಬಿಡೋಣ ಎಂದು ಕಾರ್ನರ್ ಬಾವುಟದ ಹತ್ತಿರ ಚೆಂಡು ಸಿಕ್ಕಾಗ ಸುಮ್ಮನೆ ನಿಂತುಬಿಟ್ಟೆ. ಯಾರೂ ಬರಲಿಲ್ಲ. ಚೆಂಡಿನ ಮೇಲೆ ಕಾಲಿಟ್ಟು ಆಕಾಶ ನೋಡಿದೆ. ಯಾರೂ ಬರಲಿಲ್ಲ. ಕೊನೆಗೆ ಬಗ್ಗಿ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿದೆ. ಎರಡೂ ಕಾಲಿನದು. ನಮ್ಮ ಕಡ್ಡಿ, ಅಲ್ಲಿ ಹಿಂದೆ ನಿಂತಿದ್ದಾನಲ್ಲ, ನಮ್ಮ ತಂಡಕ್ಕೇ ಚುರುಕು ಕಾಲಿನ ಫಾರ್ವರ್ಡು, ಅವನು ನನ್ನ ಸುತ್ತ ಪ್ರದಕ್ಷಿಣೆ ಹಾಕುತ್ತಾ, "ಅಣ್ಣಾ, ನಿಧಾನ ಕಟ್ಕೊಳ್ಳಿ, ಅವಸರ ಇಲ್ಲ" ಅನ್ನುತ್ತಿದ್ದಾನೆ. ಆವತ್ತಿನ ಪ್ರಾಕ್ಟೀಸಿನಲ್ಲಿ ನನ್ನ ಎದುರು ಗುಂಪಿನವನು ಕಣ್ರೀ ಅವನು.

ನಗುತ್ತಿದ್ದೀರಿ. ನನಗೂ ಈಗ ನಗು ಬರುತ್ತದೆ. ಆವತ್ತು ಬರಲಿಲ್ಲ. ನಾನು ಬನಿಯನ್ನು ಬಿಚ್ಚಿದೆ, ನೀವು ಬಿಚ್ಚಲಿಲ್ಲ. ಯಾರು ಹೇಳಿಕೊಟ್ಟರು ನಿಮಗೆ? ಯಾರೂ ಇಲ್ಲ. ಯಾರೂ ಸಭೆ ಸೇರಿ ತೀರ್ಮಾನ ಮಾಡಿಲ್ಲ. ಪ್ರೀತಿಯಿಂದ ಒಬ್ಬೊಬ್ಬರೇ ದಾರಿ ಬಿಟ್ಟಿರಿ. ಪಂದ್ಯದಲ್ಲೂ ಅಷ್ಟೇ. ಮೂರು ಗೋಲು ಮುಂದಿದ್ದರೆ ಕೊನೆಯ ಹತ್ತು ನಿಮಿಷ ನನ್ನನ್ನು ಇಳಿಸುತ್ತೀರಿ, ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಆ ಚಪ್ಪಾಳೆ ಸುಳ್ಳಲ್ಲ, ಅದು ನನಗೆ ಗೊತ್ತು. ಆದರೆ ತಪ್ಪು ಆಡಿದಾಗ ನನ್ನನ್ನು ಕೊನೆಯ ಸಲ ಯಾರು ಬೈದಿರಿ? ಒಬ್ಬರು ಕೈ ಎತ್ತಿ ನೋಡೋಣ. ಮೇಷ್ಟ್ರೇ, ನೀವು? ಒಂದು ಕಾಲದಲ್ಲಿ ನಾನು ಪಾಸು ತಪ್ಪಿದರೆ ಕೊರಳಿನ ವಿಸಿಲ್ಲು ಕಿತ್ತು ನನ್ನ ಮೇಲೆ ಎಸೆಯುತ್ತಿದ್ದಿರಿ. ಆಪರೇಷನ್ ಆದ ಮೇಲೆ "ಪರವಾಗಿಲ್ಲ, ಪರವಾಗಿಲ್ಲ" ಅನ್ನತೊಡಗಿದಿರಿ. ಆ ಪರವಾಗಿಲ್ಲ ಇದೆಯಲ್ಲ, ವಿಸಿಲ್ಲಿಗಿಂತ ಜೋರಾಗಿ ತಾಗುತ್ತದೆ.

ಇಲ್ಲಿ ನನ್ನ ಅಪ್ಪನ ಮಾತು ಬರಬೇಕಾಗಿರಲಿಲ್ಲ. ಬರೆದುಕೊಂಡು ಬಂದದ್ದರಲ್ಲಿ ಅಪ್ಪ ಇಲ್ಲ. ಆದರೂ ಬಾಯಿಗೆ ಬಂದ, ಹೇಳಿಬಿಡುತ್ತೇನೆ. ಅಪ್ಪ ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಮೇಲೆ ಕೆಲಸ ಮಾಡುತ್ತಿದ್ದ. ಕಣ್ಣು ಮಂಜಾದಾಗ ಜೊತೆಯವರು ಅವನನ್ನು ಬಿಟ್ಟುಕೊಡಲಿಲ್ಲ. ಕಿಟಕಿ ಪಕ್ಕ ಕುರ್ಚಿ ಹಾಕಿದರು. ತಾವು ಅಳತೆ ನೋಡಿ ಮುಗಿಸಿದ ತುಂಡುಗಳನ್ನೇ ತಂದುಕೊಟ್ಟು, "ಅಣ್ಣಾ, ನೀವೊಂದು ಸಲ ನೋಡಿಬಿಡಿ" ಅನ್ನುತ್ತಿದ್ದರು. ಅಪ್ಪ ನೋಡುತ್ತಿದ್ದ. ಎಲ್ಲವೂ ಸರಿಯಾಗೇ ಇರುತ್ತಿತ್ತು. ಮನೆಗೆ ಬಂದು ಅರ್ಧ ತಟ್ಟೆ ಊಟಕ್ಕೇ ಎದ್ದುಬಿಡುತ್ತಿದ್ದ. ಅಮ್ಮ ಹೊಟ್ಟೆನೋವು ಅಂದುಕೊಂಡು ಕಷಾಯ ಮಾಡಿಕೊಡುತ್ತಿದ್ದಳು.

ಒಂದು ದಿನ ಯಾರಿಗೂ ಹೇಳದೆ ಆ ಕೆಲಸ ಬಿಟ್ಟು, ನೀರಿನ ಪಂಪು ರಿಪೇರಿಯ ಸಣ್ಣ ಅಂಗಡಿಯೊಂದಕ್ಕೆ ಸೇರಿದ. ಅಂಗಡಿಯವನಿಗೆ ಅಪ್ಪನ ಅರ್ಧ ವಯಸ್ಸು, ಬಾಯಿ ಮಾತ್ರ ಎರಡು ಪಟ್ಟು. ನಮಗೆಲ್ಲ ಸಿಟ್ಟು. ಅಷ್ಟು ಮರ್ಯಾದೆ ಕೊಡುತ್ತಿದ್ದ ಜಾಗ ಬಿಟ್ಟು ಇದೇನು ಹುಚ್ಚು ಎಂದು ನಾನೂ ಕೂಗಾಡಿದ್ದೆ. ವಾರ ಕಳೆದಿರಬಹುದು, ಒಂದು ಸಂಜೆ ಬಂದವನೇ ಕೈ ತೊಳೆದು ತಟ್ಟೆಯ ಮುಂದೆ ಕೂತು, "ಇವತ್ತು ಚೆನ್ನಾಗಿ ಬೈಸಿಕೊಂಡೆ ಕಣೇ. ಅಳತೆ ತಪ್ಪಿಸಿದ್ದೆ. 'ಏನಜ್ಜ, ಕಣ್ಣು ಎಲ್ಲಿಟ್ಟಿದ್ದೀ, ಬಿಚ್ಚಿ ಮತ್ತೆ ಮಾಡು' ಅಂದ. ಮತ್ತೆ ಮಾಡಿದೆ. ಎರಡನೇ ಸಲ ಸರಿಯಾಯ್ತು" ಅಂದ. ಆಮೇಲೆ ತಟ್ಟೆ ಮುಂದೆ ತಳ್ಳಿ, "ಇನ್ನೊಂಚೂರು ಬಡಿಸು" ಅಂದ.

ಆಗ ನನಗೆ ಅರ್ಥವಾಗಿರಲಿಲ್ಲ. ಕಾರ್ನರ್ ಬಾವುಟದ ಹತ್ತಿರ ಲೇಸು ಕಟ್ಟುವಾಗ ಅರ್ಥವಾಯಿತು.

ಸ್ವಲ್ಪ ನೀರು ಕುಡಿಯುತ್ತೇನೆ.

ಸರಿ. ಈಗ ಎಲ್ಲಿಗೆ ಹೋಗುತ್ತಿದ್ದೇನೆ ಎಂಬ ವಿಷಯ. ಅಧ್ಯಕ್ಷರು ಟೀ ತರಿಸಿದ್ದು ಇದನ್ನು ಕೇಳಿಯೇ. ನಾನು ಸೇತುವೆ ಆಚೆಯ ತಂಡಕ್ಕೆ ಹೋಗುತ್ತಿದ್ದೇನೆ.

ಗೊತ್ತು, ಗೊತ್ತು. ಇಷ್ಟು ವರ್ಷ ಯಾರ ಹೆಸರು ಕೇಳಿದರೆ ಉಗಿಯಬೇಕು ಎಂದು ಹೊಸಬರಿಗೆ ಹೇಳಿಕೊಟ್ಟೆನೋ ಅವರ ಹತ್ತಿರಕ್ಕೇ. ಅಲ್ಲಿನ ಕೋಚು ಯಾರು? ನಮ್ಮ ಕತ್ತರಿ, ಎರಡು ಕಾಲಿನ ನಡುವೆ ಸಿಕ್ಕಿಸಿ ಬೀಳಿಸುತ್ತಿದ್ದ ಅವರ ಹಳೆಯ ಆಟಗಾರ. ನನ್ನ ಮೊಣಕಾಲ ಕೆಳಗಿನ ಗಾಯಗಳಲ್ಲಿ ಅರ್ಧ ಅವನ ಕೈವಾಡ, ಕಾಲುವಾಡ ಅನ್ನಬೇಕು. ಅವನು ಒಂದು ದಿನ ಬಸ್ ಸ್ಟಾಪಿನಲ್ಲಿ ಸಿಕ್ಕಿ, ನಮಸ್ಕಾರ ಇಲ್ಲ, ಹೇಗಿದ್ದೀಯ ಇಲ್ಲ, ನನ್ನ ಹೊಟ್ಟೆ ನೋಡಿ ಹೇಳಿದ, "ವಯಸ್ಸಾಯ್ತು ನಿಂಗೆ. ಆದ್ರೂ ನಮ್ಮಲ್ಲಿ ಡಿಫೆನ್ಸಿಗೆ ಜನ ಕಮ್ಮಿ. ಬರ್ತೀಯಾ? ಹನ್ನೊಂದರಲ್ಲಿ ಜಾಗ ಕೊಡ್ತೀನಿ ಅಂತ ಮಾತು ಕೊಡಲ್ಲ. ಆಡಿದ್ರೆ ಆಡ್ತೀಯ, ಇಲ್ಲಾಂದ್ರೆ ಬೆಂಚು. ಹೊಟ್ಟೆ ಇಳಿಸ್ಕೊಂಡು ಬಾ."

ಸಭಿಕರೇ, ಎರಡು ವರ್ಷದಲ್ಲಿ ನನ್ನ ಬಗ್ಗೆ ಇಷ್ಟು ಒಳ್ಳೆಯ ಮಾತು ಯಾರೂ ಆಡಿರಲಿಲ್ಲ. ನನಗೆ ಬಸ್ಸು ಹೋದದ್ದೂ ಗೊತ್ತಾಗಲಿಲ್ಲ.

ಅಲ್ಲಿ ಸೋತುಹೋಗಬಹುದು. ಒಂದು ಪಂದ್ಯವೂ ಆಡದೆ ಬೆಂಚಿನ ಮೇಲೇ ವರ್ಷ ಕಳೆಯಬಹುದು. ಆ ಭಯ ನನಗೆ ಇಲ್ಲ ಎಂದರೆ ಸುಳ್ಳು. ಗೌರವದಿಂದ ಬಾಗಿಲು ಮುಚ್ಚುವ ವಯಸ್ಸಿನಲ್ಲಿ ಇವನಿಗೇನು ಬಂತು ಎಂದು ಜನ ಆಡಿಕೊಳ್ಳಬಹುದು. ಆದರೆ ನಾನು ಕೆಟ್ಟ ಆಟಗಾರನಾಗಿದ್ದರೆ ಅದು ನನಗೆ ಗೊತ್ತಾಗಬೇಕು. ಇಲ್ಲಿದ್ದರೆ ಗೊತ್ತಾಗುವುದಿಲ್ಲ. ನೀವು ಗೊತ್ತಾಗಲು ಬಿಡುವುದಿಲ್ಲ.

ಈ ಮಾತನ್ನು ಅಧ್ಯಕ್ಷರಿಗಿಂತ ಮೊದಲು ಹೇಳಿದ್ದು ಮೇಷ್ಟ್ರಿಗೆ. ಅವರ ಮನೆಗೆ ಹೋದಾಗ ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದರು. ಹೇಳಿದೆ. ಅವರು ಒಂದು ಪಂಚೆ ಹರವಿದರು, ಒಂದು ಅಂಗಿ ಹರವಿದರು. ಮುಗಿಯಿತು, ಇನ್ನು ಈ ಮನೆಯ ಮೆಟ್ಟಿಲು ಹತ್ತುವ ಹಾಗಿಲ್ಲ ಎಂದುಕೊಂಡು ಹೊರಟೆ. ಗೇಟಿನ ತನಕ ಹೋಗಿದ್ದೆ, ಹಿಂದಿನಿಂದ ಕೂಗಿದರು. "ಲೋ ಗೋಡೆ. ಎಡಕ್ಕೆ ತಿರುಗೋದು ನಿಧಾನ ಆಗಿದೆ ನಿಂದು. ಅದು ಆ ಕತ್ತರಿಗೆ ಗೊತ್ತಾಗೋ ಮೊದಲು ಸರಿ ಮಾಡ್ಕೋ. ನಾಳೆ ಬೆಳಗ್ಗೆ ಮೈದಾನಕ್ಕೆ ಬಾ."

ಆ ಮಾತಿಗೆ ಗೇಟು ಹಿಡಿದುಕೊಂಡು ಅತ್ತೆ. ನೋಡಿ, ಇದನ್ನೂ ಹೇಳಬಾರದು ಅಂದುಕೊಂಡಿದ್ದೆ. ಅಂದಿನಿಂದ ದಿನಾ ಬೆಳಗ್ಗೆ ನಾವಿಬ್ಬರೇ ಎಡಕ್ಕೆ ತಿರುಗುತ್ತಿದ್ದೇವೆ. ಮೇಷ್ಟ್ರು ಈಗ ನಿದ್ದೆ ಮಾಡುತ್ತಿರುವುದು ಅದಕ್ಕೇ, ಅವರನ್ನು ಯಾರೂ ಆಡಿಕೊಳ್ಳಬೇಡಿ. ಮೊನ್ನೆ ವಿಸಿಲ್ಲು ಕೂಡ ಎಸೆದರು. ಗುರಿ ಇನ್ನೂ ಚೆನ್ನಾಗಿದೆ.

ಆದ್ದರಿಂದ ಅಧ್ಯಕ್ಷರೇ, ಇಷ್ಟು ಜನರ ಮುಂದೆ ಕೇಳುತ್ತಿದ್ದೇನೆ. ನೀವು ನನಗೆ ಅಣ್ಣನ ಹಾಗೆ. ನನ್ನ ಆಪರೇಷನ್ ದಿನ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಹೆಂಡತಿಯ ಪಕ್ಕ ಸಂಜೆಯ ತನಕ ಕೂತಿದ್ದವರು ನೀವು, ನಿಮ್ಮ ಅಂಗಡಿ ಮುಚ್ಚಿ. ನಿಮ್ಮನ್ನು ಧಿಕ್ಕರಿಸಿ ಹೋಗಲು ನನಗೆ ಕಾಲು ಬರುವುದಿಲ್ಲ. ನೀವೇ ಕಳಿಸಿಕೊಡಬೇಕು. ಏನಂತೀರಿ?

ಕನ್ನಡಕ ಒರೆಸಿಕೊಳ್ಳುತ್ತಿದ್ದಾರೆ. ಒರೆಸಿಕೊಳ್ಳಲಿ, ನಾನು ಕಾಯುತ್ತೇನೆ.

ತಲೆ ಆಡಿಸಿದರು. ಎಲ್ಲರೂ ನೋಡಿದಿರಲ್ಲ? ನಾಳೆ ನೊಣ ಓಡಿಸಿದ್ದೆ ಎನ್ನುವ ಹಾಗಿಲ್ಲ, ಇಡೀ ಸಭೆಯೇ ಸಾಕ್ಷಿ.

ಇನ್ನು ಈ ಚೌಕಟ್ಟು. ನಿಮ್ಮ ಪ್ರೀತಿಯನ್ನು ಬೇಡ ಎನ್ನುವಷ್ಟು ದೊಡ್ಡವನಲ್ಲ ನಾನು, ಗಾಜನ್ನು ಮನೆಗೆ ಒಯ್ಯುತ್ತೇನೆ. ಆದರೆ ಒಳಗಿನ ಜೆರ್ಸಿಯನ್ನು ಹೊರಗೆ ತೆಗೆಯಿರಿ. ಐದನೇ ನಂಬರು ಗೋಡೆಗೆ ತೂಗಲು ಹುಟ್ಟಿದ್ದಲ್ಲ, ಮಣ್ಣಾಗಲು ಹುಟ್ಟಿದ್ದು. ಹೊಸದಾಗಿ ಬರುವ ಡಿಫೆಂಡರ್ ಯಾರೇ ಇರಲಿ, ಅವನಿಗೆ ಕೊಡಿ. ಸೊಂಟದ ಹತ್ತಿರ ಬಿಗಿ ಮಾಡಿಕೊಡಲು ನನ್ನ ಹೆಂಡತಿ ಇದ್ದಾಳೆ.

ಕಡೆಯ ಮಾತು ಕಡ್ಡಿಗೆ. ಕಡ್ಡಿ, ಅಲ್ಲಿ ಕಂಬದ ಹಿಂದೆ ಅವಿತುಕೊಳ್ಳಬೇಡ. ಮುಂದಿನ ತಿಂಗಳು ನಮ್ಮ ನಿಮ್ಮ ಪಂದ್ಯ ಇದೆ. ಆ ಕತ್ತರಿ ನನ್ನನ್ನು ಇಳಿಸಿದರೆ ನಾನು ಕೆಂಪು ಜೆರ್ಸಿಯಲ್ಲಿರುತ್ತೇನೆ. ಸರಿಯಾಗಿ ಕಣ್ಣು ಬಿಟ್ಟು ನೋಡು, ಕೆಂಪು, ಹಳದಿಯಲ್ಲ. ಚೆಂಡು ನನ್ನ ಕಾಲಲ್ಲಿದ್ದಾಗ ಬಾ. ನಿನಗೆ ಗೊತ್ತಿರುವ ಅಷ್ಟೂ ವಿದ್ಯೆ ತೆಗೆದುಕೊಂಡು ಬಾ. ನಾನೂ ಸುಮ್ಮನೆ ಬಿಡುವುದಿಲ್ಲ. ಅಕಸ್ಮಾತ್ ನಾನು ಬಿದ್ದರೆ ಅಣ್ಣಾ ಪೆಟ್ಟಾಯಿತಾ ಎಂದು ಕೈ ಕೊಡಲು ನಿಲ್ಲಬೇಡ, ಚೆಂಡು ತೆಗೆದುಕೊಂಡು ಓಡು. ಏಳುವುದು ತಡವಾದರೂ ಯಾರೂ ಗಾಬರಿಯಾಗಬೇಡಿ, ಸ್ವಲ್ಪ ಹೊತ್ತು ಮಲಗಿ ಸಂತೋಷ ಪಡುತ್ತಿರುತ್ತೇನೆ.

ಆಮೇಲೆ ಸೇತುವೆ ದಾಟಿ ಮನೆಗೆ ಹೋಗಿ, ಕೈ ತೊಳೆದು, ಹೆಂಡತಿಯ ಮುಂದೆ ತಟ್ಟೆ ತಳ್ಳಿ ಹೇಳುತ್ತೇನೆ, ಇನ್ನೊಂಚೂರು ಬಡಿಸು.

ಇಷ್ಟು ವರ್ಷ ಹೊತ್ತು ತಿರುಗಿದಿರಿ, ಈಗ ಇಳಿಸಿದಿರಿ. ಎರಡಕ್ಕೂ ನಿಮಗೆ ಧನ್ಯವಾದ. ನಮಸ್ಕಾರ.