ರಬ್ಬರ್ ಅಟ್ಟೆಯ ಜೋಡು

ಗೋಲ್‌ಬರ್ನ್ ಪೇಟೆಯ ಅಂಗಡಿಯಲ್ಲಿ ಸಾಲಿನಲ್ಲಿ ನಿಂತಿದ್ದೆ. ಪಕ್ಕದಲ್ಲೇ ಅಕ್ಕ ತಂಗಿಯರಿಬ್ಬರು ಕುರಿಚರ್ಮದ ಚಪ್ಪಲಿ ಆರಿಸುತ್ತಿದ್ದರು. ತಂಗಿಯ ಕಣ್ಣು ಪದೇ ಪದೇ ಹೊರಗೆ ನಿಂತಿದ್ದ ಗಾಡಿಯತ್ತ ಹೋಗುತ್ತಿತ್ತು.

“ಮನೇಲಿ ಹಾಕೋಕೆ ತಾನೆ ರೇಲೀನ್? ಮೆತ್ತನೆ ಅಟ್ಟೇದು ತಗೊಳ್ಳೇ.”

“ಬೇಡ ಕಣಕ್ಕಾ, ರಬ್ಬರ್ ಅಟ್ಟೇದೇ ಬೇಕು. ಹೊರಗೂ ಆಗ್ಬೇಕು.”

“ಕಸದ ಡಬ್ಬಿ ಹೊರಗಿಡೋಕೆ ಇಷ್ಟೊಂದು ಯೋಚನೆನಾ?”

“ಹೋದ ಜುಲೈ ಚಳಿಗಾಲದಲ್ಲಿ ನಿಮ್ಮನೆಗೆ ಬರಿಗಾಲಲ್ಲೇ ಓಡಿ ಬಂದಿದ್ನಲ್ಲ, ಹುಲ್ಲೆಲ್ಲ ಹಿಮಗಟ್ಟಿತ್ತು. ಅವನು ಕೈ ಎತ್ಕೊಂಡು ಬರ್ತಿದ್ರೆ ಬೂಟು ಹುಡುಕ್ತಾ ಕೂರೋಕಾಗುತ್ತಾ?”

ಹೊರಗೆ ಆ ಗಾಡಿಯ ಹಾರನ್ ಎರಡು ಸಲ ಅರಚಿತು.

“ಬಂದೆ ಡ್ಯಾರಲ್!”

ಅಕ್ಕ ಅವಳ ಕೈಯಲ್ಲಿದ್ದ ಜೋಡನ್ನು ಕಿತ್ತಿಟ್ಟು ಬೇರೊಂದನ್ನು ಕೊಟ್ಟಳು.

“ಹಿಮ್ಮಡಿ ಮುಚ್ಚಿರೋದು ತಗೋ. ಓಡುವಾಗ ಕಳಚಲ್ಲ.”

ನಾನು ಸಾಲಿನಲ್ಲಿ ಅವರಿಗೆ ಜಾಗ ಬಿಟ್ಟೆ. ಅಕ್ಕ ದುಡ್ಡು ಕೊಡುವಷ್ಟರಲ್ಲಿ ತಂಗಿ ಅದನ್ನು ಮೆಟ್ಟಿಕೊಂಡೇ ಗಾಡಿಯತ್ತ ನಡೆದಿದ್ದಳು.