ಅಳ್ಳಿಟ್ಟಿನ ಗಂಟು

ನೋಡಿ, ಹಿಂದೆ ಕೃಷ್ಣೆಯ ದಂಡೆಯ ಒಂದೂರಲ್ಲಿ ಚನ್ನಮಲ್ಲಪ್ಪ ಅಂತ ಒಬ್ಬ ಸಾಹುಕಾರನಿದ್ದ. ಅವನ ಮನೆಯಲ್ಲಿ ಉಂಡವರು ನೆಲಕ್ಕೆ ಕೈ ಊರಿಯೇ ಏಳಬೇಕು, ಅಷ್ಟು ಬಡಿಸುವ ಮನೆ. ಅದೇ ಅವನ ಹೆಮ್ಮೆ. ಹೆಮ್ಮೆ ಪಡುವುದು ತಪ್ಪೇ? ತಪ್ಪಲ್ಲ. ಯಾವುದಕ್ಕೆ ಪಡುತ್ತೇವೆ, ಅದನ್ನು ಮಾತ್ರ ನೋಡಿಕೊಳ್ಳಬೇಕು.

ಒಂದು ವರ್ಷ ಅವನು, ಅವನ ಹೆಂಡತಿ ಗುರುಬಸವ್ವ, ಊರವರ ಜೊತೆ ಶ್ರೀಶೈಲಕ್ಕೆ ನಡೆದು ಹೋಗುವುದು ಅಂತಾಯಿತು. ಈಗಿನ ಹಾಗೆ ದಾರಿಯುದ್ದಕ್ಕೂ ದಾಸೋಹದ ಪೆಂಡಾಲು ಇರದ ಕಾಲ. ಕಾಡಿನ ಅಂಚಿನವರೆಗೆ ಸಾಮಾನಿಗೆ ಬಂಡಿ. ಅಲ್ಲಿಂದ ಮುಂದೆ ಅವರವರ ಬುತ್ತಿ ಅವರವರ ಹೆಗಲಿಗೆ.

ಗುರುಬಸವ್ವನ ತವರಿನವರು ವರ್ಷವರ್ಷವೂ ಆ ದಾರಿ ತುಳಿದವರು. ತಾಯಿ ಕಲಿಸಿದ ಹಾಗೆಯೇ ಆಕೆ ಬುತ್ತಿ ಕಟ್ಟಿದಳು. ಜೋಳದ ಅರಳು, ಕಡಲೆ, ಗೋದಿ ಹುರಿದು, ಬೀಸಿ, ಬೆಲ್ಲ ಏಲಕ್ಕಿ ಕೂಡಿಸಿ ಅಳ್ಳಿಟ್ಟು ಮಾಡಿದಳು. ಅದಕ್ಕೆ ಒಲೆ ಬೇಡ, ಪಾತ್ರೆ ಬೇಡ. ಹಿಡಿ ಹಿಟ್ಟಿಗೆ ಗುಟುಕು ನೀರಿದ್ದರೆ ಊಟ. ರೊಟ್ಟಿಯನ್ನು ಹಪ್ಪಳದಷ್ಟು ತೆಳ್ಳಗೆ ಬಡಿದು, ಮುರಿದರೆ ಕಟಕ್ ಅನ್ನುವ ತನಕ ಒಣಗಿಸಿದಳು. ಹಸಿ ಉಳಿದರೆ ಭಾರವೂ ಆಗುತ್ತದೆ, ಬೂಸಲೂ ಹಿಡಿಯುತ್ತದೆ. ಜೊತೆಗೆ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ. ಇಬ್ಬರಿಗೂ ಸಾಕಾಗಿ ಮಿಗುವಷ್ಟು ಕಟ್ಟಿ, ಗಂಟನ್ನು ಒಂದೇ ಕೈಯಲ್ಲಿ ಎತ್ತಿ ನೋಡಿದಳು. ಎಷ್ಟು ಹಗುರ! ತನ್ನ ಕೆಲಸದ ಮೇಲೆ ಆಕೆಗೇ ಅಭಿಮಾನ ಉಕ್ಕಿತು.

ಗಂಡ ನೋಡಿದ, ನಕ್ಕ. "ಸಾವ್ಕಾರನ ಹೆಂಡ್ತಿ ದಾರ್‍ಯಾಗ ಹಿಟ್ಟು ಮುಕ್ಕತಾಳ ಅಂತಾರ ಮಂದಿ. ನಮ್ಮ ಮನೀ ಮರ್ಯಾದಿ ಏನಾತು?"

ಗುರುಬಸವ್ವ ಗಂಟಿನ ಬಾಯಿ ಬಿಗಿದು ಕಟ್ಟಿದಳು. ಆ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು.

ಅವನು ಕಟ್ಟಿಸಿದ್ದು ಏನು? ಬುಟ್ಟಿ ತುಂಬ ಹೋಳಿಗೆ, ತುಪ್ಪದ ಡಬ್ಬಿ, ಅಕ್ಕಿ, ಬೇಳೆ, ಬೇಯಿಸಲು ಹಿತ್ತಾಳೆಯ ಪಾತ್ರೆ. ಬೆಟ್ಟದ ಮೇಲೆ ಎಲ್ಲರಿಗೂ ಹೋಳಿಗೆ ಬಡಿಸಬೇಕು, ಊರು ಕೊಂಡಾಡಬೇಕು, ಅದು ಅವನ ಆಸೆ. ಕಾಡಿನ ಅಂಚಿನಲ್ಲಿ ಬಂಡಿ ನಿಂತಿತು. ಬಿಟ್ಟು ಹೋಗಲು ಮನಸ್ಸಾಗದೆ ಅಷ್ಟನ್ನೂ ತಾನೇ ಹೊತ್ತ.

ಮರುದಿನ ನೀರಿನ ಹೊಂಡದ ಬಳಿ ಎಲ್ಲರೂ ಕೂತರು. ಅವನು ಬುಟ್ಟಿ ಬಿಚ್ಚಿದ. ಆ ಬಿಸಿಲಿಗೆ ಹೂರಣ ಹಳಸಿತ್ತು. ಅನ್ನ ಮಾಡೋಣವೆಂದರೆ ಹೊಂಡದಲ್ಲಿದ್ದ ನೀರು ಕುಡಿಯುವುದಕ್ಕಷ್ಟೇ ಸಾಕು. ಅಕ್ಕಿ ಇದೆ, ಬೇಳೆ ಇದೆ, ತುಪ್ಪ ಇದೆ. ಊಟ ಇಲ್ಲ! ನೋಡಿ, ಎಲ್ಲರಿಗಿಂತ ಹೆಚ್ಚು ಹೊತ್ತವನೇ ಉಪವಾಸ.

ಹಸಿವಿಲ್ಲ ಅಂತ ಜೊತೆಯವರಿಗೆ ಹೇಳಿ ದೂರ ಹೋಗಿ ಕೂತ. ಗುರುಬಸವ್ವ ರೊಟ್ಟಿ ಮುರಿಯುತ್ತ ಎಲ್ಲವನ್ನೂ ಕಂಡಳು. ಗಂಟು ತೊಡೆಯ ಮೇಲೆಯೇ ಇತ್ತು. ಕೇಳಲಿ, ಒಂದು ಮಾತು ಕೇಳಿದರೆ ಅವರ ಗಂಟೇನು ಹೋಗುತ್ತದೆ ಅಂದುಕೊಂಡಳು. ಅವನು ಕೇಳಲಿಲ್ಲ. ನಕ್ಕವನು ಹೇಗೆ ಕೇಳಿಯಾನು? ಕೇಳಲಿ ಅಂತ ಈಕೆ, ತಾನಾಗಿ ಕೊಡಲಿ ಅಂತ ಆತ. ನಿಮ್ಮ ಮನೆಗಳಲ್ಲಿ ಇದು ನಡೆದೇ ಇಲ್ಲವೇ? ನಗುತ್ತೀರಿ. ನಡೆದಿದೆ ಅಂತಾಯಿತು.

ಇಳಿಹೊತ್ತಿನಲ್ಲಿ ಕಡಿದಾದ ಏರು ಬಂತು. ಮುಂದೆ ಹೋಗುತ್ತಿದ್ದ ಗುರುಬಸವ್ವನಿಗೆ ಹಿಂದೆ ಪಾತ್ರೆ ಉರುಳಿದ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಗಂಡ ಬಂಡೆಗೆ ಒರಗಿ ಕುಸಿದಿದ್ದಾನೆ. ತುಟಿ ಬೆಳ್ಳಗಾಗಿದೆ. ಆಕೆಯ ಜೀವವೇ ಬಾಯಿಗೆ ಬಂತು. ಕಲ್ಲು ಮುಳ್ಳು ನೋಡದೆ ಓಡಿ ಇಳಿದಳು. ಅಂಗೈಯಲ್ಲಿ ಅಳ್ಳಿಟ್ಟು ಸುರಿದು, ತಂಬಿಗೆಯ ನೀರು ಹನಿಸಿ ಕಲಸಿ, ಎಲ್ಲರ ಎದುರಿಗೆ ತುತ್ತು ಹಿಡಿದಳು. "ಬಾಯಿ ತೆರೀರಿ."

ತೆರೆದ. ತಿಂದ. ಇನ್ನೊಂದು ತುತ್ತು, ಮತ್ತೊಂದು. ನಿಧಾನಕ್ಕೆ ಮುಖದಲ್ಲಿ ಕಳೆ ಬಂತು.

"ಇದನ್ನ ನೋಡಿ ನಾ ನಕ್ಕಿದ್ನಲ್ಲ," ಅಂದ ಮೆಲ್ಲಗೆ.

"ನಾನೂ ಮಧ್ಯಾಹ್ನ ನೋಡಕೋತ ಸುಮ್ಮನ ಕುಂತಿದ್ದೆ. ಇಬ್ರದೂ ತಪ್ಪಾತು. ಏಳ್ರಿ ಇನ್ನ," ಅಂದಳು ಗುರುಬಸವ್ವ.

ದರ್ಶನ ಮುಗಿಸಿ ಎದುರಿಗೆ ಇಳಿದು ಬರುತ್ತಿದ್ದ ಜನಕ್ಕೆ ಚನ್ನಮಲ್ಲಪ್ಪ ಅಕ್ಕಿ, ಬೇಳೆ, ಪಾತ್ರೆ ಎಲ್ಲ ಕೊಟ್ಟು, ಬರಿಗೈಯಲ್ಲಿ ಬೆಟ್ಟ ಹತ್ತಿದ.

ಮೇಲೆ ಮುಟ್ಟುವಾಗ ಹಲವರ ಬುತ್ತಿ ತೀರಿತ್ತು. ಗುರುಬಸವ್ವ ಗಂಟು ಬಿಚ್ಚಿ ಎಲ್ಲರಿಗೂ ಹಿಡಿ ಹಿಡಿ ಹಂಚಿದಳು. ಇದು ಯಾರ ಕೈಯದು ಅಂತ ಹಿರಿಯರೊಬ್ಬರು ಕೇಳಿದರು. ಆಕೆ ಬಾಯಿ ತೆರೆಯುವ ಮೊದಲೇ ಚನ್ನಮಲ್ಲಪ್ಪ ಎದ್ದು ನಿಂತ. ಗಂಡಸರು ನಾಲ್ಕು ಜನರ ಮುಂದೆ ಹೆಂಡತಿಯ ಹೆಸರೆತ್ತದ ಕಾಲ, ನೆನಪಿರಲಿ.

"ಗುರುಬಸವ್ವ ಮಾಡಿದ್ರಿ ಇದನ್ನ. ನನ್ನ ಹೆಂಡ್ತಿ. ಈಕಿ ಕೈತುತ್ತು ತಿಂದ ನಾ ಬೆಟ್ಟ ಏರೀನಿ."

ಮದುವೆಯಾಗಿ ಮಕ್ಕಳು ದೊಡ್ಡವರಾದ ಮೇಲೆ, ಮೊದಲ ಸಲ ಆಕೆ ತನ್ನ ಹೆಸರನ್ನು ಗಂಡನ ಬಾಯಲ್ಲಿ ಕೇಳಿದಳು. ಕಣ್ಣು ತುಂಬಿದವು. ತಲೆ ಮಾತ್ರ ತಗ್ಗಿಸಲಿಲ್ಲ. ಎಲ್ಲರೂ ನೋಡಲಿ ಅನ್ನುವ ಹಾಗೆ ನೆಟ್ಟಗೆ ಕೂತಳು.

ಈಗ ನಿಮ್ಮ ಮಾತಿಗೆ ಬರೋಣ. ಪ್ರಯಾಣ ಹೊರಟಾಗ ಚೀಲದಲ್ಲಿ ಹೊಟ್ಟೆಗೆ ಆಗುವುದು ಎಷ್ಟು, ಮಂದಿಗೆ ತೋರಿಸಲು ಎಷ್ಟು, ಬಿಡಿಸಿ ನೋಡಿ. ತೋರಿಸುವುದನ್ನು ಮನೆಯಲ್ಲೇ ಇಳಿಸಿ. ತಾಯಂದಿರೇ, ಹಸಿದವರು ಕೇಳಲಿ ಅಂತ ಕಾಯಬೇಡಿ, ಕೋಪ ಇದ್ದರೂ ಕೊಟ್ಟುಬಿಡಿ. ಅಣ್ಣಂದಿರೇ, ಅನ್ನ ಹಾಕುವ ಕೈಗೆ ಒಂದು ಹೆಸರಿದೆ. ಇನ್ನು ಮೇಲೆ ಮನೆಗೆ ಬೀಗರು ಬಂದು, ಉಂಡು, ಅಡುಗೆ ಚೆನ್ನಾಗಿದೆ ಅಂದರೆ ಮೀಸೆ ತಿರುವಿಕೊಂಡು ಕೂರಬೇಡಿ. ಒಳಗಿರುವವಳನ್ನು ಹೊರಗೆ ಕರೆಯಿರಿ. ಹೆಸರು ಹಿಡಿದು, ಎದೆ ಎತ್ತಿ, ಇವಳು ಮಾಡಿದ್ದು ಅಂತ ಹೇಳಿ.