ಅಳಿಯನ ಲಂಗರಿಗೆ ಹಗ್ಗ

...ಅದು ಬ್ಯಾಡ ಕಣ್ರೀ ಅಳಿಯಂದ್ರೇ, ಆ ನೀಲಿ ಸುರುಳಿ ಕೆಳಗಿಡಿ. ಅದು ಪ್ಲಾಸ್ಟಿಕ್ಕು, ನೀರಲ್ಲಿ ತೇಲುತ್ತೆ. ಲಂಗರು ತಳದಲ್ಲಿ ಕೂತಿದ್ರೆ ಹಗ್ಗ ಮೇಲೆ ಹಾವಿನಂಗೆ ಓಡಾಡ್ತಿರುತ್ತೆ. ಇನ್ನೊಂದು ಬೋಟು ಬಂದು ಅದರ ತಳದಲ್ಲಿ ನೀರು ತಳ್ಳೋ ಫ್ಯಾನಿಗೆ ಸುತ್ಕಂಡ್ರೆ ಇಬ್ರೂ ನೀರಿನ ನಡುವೆ ಕೂತು ಭಜನೆ ಮಾಡ್ಬೇಕು. ಮೊದ್ಲು ಕೂತ್ಕಳಿ. ಅಯ್ಯಯ್ಯೋ, ಆ ಸ್ಟೂಲಲ್ಲ, ಅದರ ಒಂದು ಕಾಲು ಲೂಸು. ಈ ತೆಂಗಿನ ನಾರಿನ ಸುರುಳಿ ಮೇಲೆ ಕೂತ್ಕಳಿ. ಮಾವನ ಅಂಗ್ಡೀಲಿ ಅದೇ ಸೋಫಾ.

ಯಾಕೆ ನಗ್ತೀರಿ? ಲಕ್ಕವಳ್ಳಿ ಹಿನ್ನೀರಲ್ಲಿ ಟೂರಿಸ್ಟ್ ಬೋಟು ಓಡಿಸೋರು ನೀವಿರ್ಬೋದು. ಆದ್ರೆ ಹಗ್ಗದ ವಿಷಯ ಬಂದ್ರೆ ಈ ಈರಭದ್ರಪ್ಪನ್ನೇ ಕೇಳ್ಬೇಕು. ಇದೇ ತರೀಕೆರೆ ಬಸ್‌ಸ್ಟ್ಯಾಂಡ್ ಪಕ್ಕ ಮೂವತ್ತೊಂದು ವರ್ಷದಿಂದ ಹಗ್ಗ ಮಾರ್ತಿದೀನಿ. ಅದಕ್ಕೂ ಮುಂಚೆ ಯಗಟಿ ಸಂತೇಲಿ ನಮ್ಮಪ್ಪ... ಸರಿ ಸರಿ, ಯಗಟಿ ಕಥೆ ಬ್ಯಾಡ. ಮದುವೇಲಿ ಹೇಳಿದ್ದೆ, ದೀಪಾವಳೀಲೂ ಹೇಳಿದ್ದೆ. ನೆನಪಿದೆ ನಂಗೆ.

ಈ ಸಲ ನಾನು ಸುಮ್ನೆ ಅಳತೆ ಮಾಡಿ ಕೊಡ್ತಿಲ್ಲ ಕಣ್ರೀ. ಫೋನಲ್ಲಿ ವಿಡಿಯೋ ಹಾಕ್ಕಂಡು ಎರಡು ದಿನ ನೋಡಿದೀನಿ. ನಿಮ್ಮ ಬೋಟಿನ ಮೂತಿ ಮೇಲೆ ಕೂರ್ಸಿದಾರಲ್ಲ, ಲಂಗರು ಎತ್ತೋ ಮಿಷಿನ್ನು, ವಿಂಡ್ಲಾಸು, ಅದರ ಗಾಲಿ ನಡುವೆ ಒಂದು ಸೀಳಿರುತ್ತೆ. ಹಗ್ಗ ಆ ಸೀಳಲ್ಲಿ ಕಚ್ಕಂಡು ಕೂತ್ರೇನೇ ಮೇಲಕ್ಕೆ ಬರೋದು. ದಪ್ಪ ಆದ್ರೆ ಒಳಗೆ ಇಳಿಯಲ್ಲ, ಸಣ್ಣ ಆದ್ರೆ ಜಾರುತ್ತೆ. ಮಿಷಿನ್ ಪುಸ್ತಕದಲ್ಲಿ ಹನ್ನೆರಡು ಎಂಎಂ ಅಂತ ಇದ್ರೆ ಹನ್ನೆರಡೇ. ನಾವೆಲ್ಲ ದಪ್ಪ ಇದ್ದಷ್ಟೂ ಗಟ್ಟಿ ಅಂತ ತಿಳ್ಕಂಡೋರು. ಎಮ್ಮೆಗೆ ಆ ಲೆಕ್ಕ ಸರಿ, ಮಿಷಿನ್ನಿಗೆ ನಡಿಯಲ್ಲ.

ಇದು ನೋಡಿ, ಬಿಳೀದು. ನೈಲಾನು, ಮೂರು ಎಳೆ. ನೀರಲ್ಲಿ ಮುಳುಗುತ್ತೆ. ಗಾಳಿಗೆ ಬೋಟು ಜಗ್ಗಿದ್ರೆ ಹಟ ಮಾಡಲ್ಲ, ಒಂಚೂರು ಹಿಗ್ಗಿ ಕೊಡುತ್ತೆ, ಹೆಂಡ್ತಿ ಸಿಟ್ಟಿಗೆ ಗಂಡ ಬಗ್ಗಿದಂಗೆ. ಬೆರಳಿಗೆ ಸುತ್ತಿ ನೋಡಿ, ಪೆಡಸಿಲ್ಲ. ಪೆಡಸು ಹಗ್ಗ ಗಾಲಿ ಇಳಿದು ಪೆಟ್ಟಿಗೆಯೊಳಗೆ ಮಡಚ್ಕಂಡು ಬೀಳಲ್ಲ, ಎದ್ದು ನಿಂತ್ಕಂಡ್ಬಿಡುತ್ತೆ. ಇನ್ನು ಲಂಗರಿನ ಸರಪಳಿಗೆ ಸೇರೋ ಕಡೆ ಗಂಟು ಹಾಕಲ್ಲ. ಎಳೆ ಬಿಚ್ಚಿ, ಕೊಂಡಿಯೊಳಗೆ ತೂರ್ಸಿ, ವಾಪಸ್ ಹೆಣೀತೀನಿ. ಗಂಟು ಗಾಲಿ ದಾಟಲ್ಲ ನೋಡಿ.

ಏನಂದ್ರಿ? ಹೋದ ಸಲಾನೂ ಇದೇ ಸುರುಳೀದಾ?

ಹೂಂ... ಇದೇ. ಇದೇ ಬಿಳೀದು, ಇದೇ ಹನ್ನೆರಡು. ಹೆಣೆದಿದ್ದೂ ನಾನೇ. ಅದನ್ನೇ ನಾನೂ ಹೇಳ್ತಿರೋದು, ಹಗ್ಗದ್ದೇನೂ ತಪ್ಪಿಲ್ಲ ಅಂತ. ಮತ್ತೆ ಯಾಕೆ ಜಾರ್ತು ಅಂದ್ರೆ... ನಂಗೇನು ಗೊತ್ತು, ನಾನೇನು ಬೋಟಲ್ಲಿದ್ನಾ? ಸ್ವಿಚ್ಚು. ಮೇಲಕ್ಕೆ ಒತ್ತೋದ್ರ ಬದ್ಲು ಕೆಳಕ್ಕೆ ಒತ್ತಿರ್ತೀರಿ. ಹೊಸ ಮಿಷಿನ್ನು, ಕೈ ತಪ್ಪುತ್ತೆ. ಅದರಲ್ಲಿ ಅವಮಾನ ಏನೂ ಇಲ್ಲ ಬಿಡಿ.

ಆದ್ರೂ ಆ ಅಜ್ಜಂಪುರದ ಜೋಡೀದು ಪಾಪ ಕಣ್ರೀ. ಮದುವೆಗೆ ಮುಂಚೆ ಚೆಂದಾಗಿ ಫೋಟೋ ತೆಗೆಸ್ಕಳಣ ಅಂತ ಬಂದೋರು, ಲಂಗರು ಏಳ್ದೆ ಎರಡು ಗಂಟೆ ಬಿಸಿಲಲ್ಲಿ. ಹುಡುಗಿ ಮುಖದ ಬಣ್ಣ ಕತ್ತಿಗಿಳಿದಿತ್ತಂತೆ. ಹುಡುಗನಪ್ಪ ದಡದಲ್ಲಿ ನಿಂತು ನಿಮ್ಮ ವಂಶಾನೆಲ್ಲ ವಿಚಾರಿಸ್ಕಂಡ್ನಂತೆ. ನಗಬಾರ್ದು, ಆದ್ರೂ... ಹ್ಞಾಂ, ನೀವೂ ನಗ್ತಿದೀರಲ್ಲ. ಸದ್ಯ.

ಕೈಲಿ ಎಳೆದ್ರೂ ಜಾರ್ತಿತ್ತಾ? ಮೀನು ಹಿಡಿಯೋರು ಬಂದು ಕೈಗೆ ಟವೆಲ್ ಸುತ್ಕಂಡು ಎಳೆದ್ರಾ? ಪಾಚಿ ಅದು. ಹಿನ್ನೀರು ಅಂದ್ಮೇಲೆ ಪಾಚಿ ಇರಲ್ವಾ? ಮೊದಲ್ನೇ ದಿನಕ್ಕೇ ಪಾಚಿ ಹಿಡೀತಾ ಅಂದ್ರೆ... ಹಿಡೀಬೋದಪ್ಪ. ನೀರಿಗೆ ಕ್ಯಾಲೆಂಡರ್ ಗೊತ್ತಿರುತ್ತಾ?

ಬ್ಯಾಡ ಬ್ಯಾಡ, ಆ ಹಳೇ ಹಗ್ಗ ಬ್ಯಾಗಲ್ಲೇ ಇರ್ಲಿ. ಅಳತೆಗೆ ಬ್ಯಾಡ, ಅಳತೆ ನಂಗೆ ಬಾಯಿಗೆ ಬರುತ್ತೆ. ಇಲ್ಲಿ ಹರವಬ್ಯಾಡಿ ಅಂದೆ. ಗಿರಾಕಿ ಓಡಾಡೋ ಜಾಗ. ಅಲ್ಲಾ, ಅದನ್ನ ನೀವ್ಯಾಕೆ ಹೊತ್ಕಂಡು ಬಂದ್ರಿ? ಬೋಟಿನ ಓನರ್ ವಿಶ್ವಾರಾಧ್ಯರು ಮುಟ್ಟಿ ನೋಡ್ಲಿಲ್ವಾ? ಅವರು ಬರೋದ್ರೊಳಗೆ ನೀವೇ ಬಿಚ್ಚಿ ಬ್ಯಾಗಿಗೆ ತುಂಬ್ಕಂಡ್ರಾ? ಅದ್ಯಾಕೆ ಹಂಗೆ?

ಹೇಳ್ದಿದ್ರೆ ಬಿಡಿ.

ನಾಳೆ ಬೆಳಿಗ್ಗೆ ಅಲ್ವಾ ಪರೀಕ್ಷೆ? ಅವರ ಎದುರಿಗೆ ಲಂಗರು ಬಿಟ್ಟು ಎತ್ತಬೇಕು. ಎದ್ರೆ ಬೋಟು ಓಡ್ಸೋರು ನೀವೇ, ಏಳ್ದಿದ್ರೆ ಬೀಗದ ಕೈ ಆ ಇನ್ನೊಬ್ಬ ಡ್ರೈವರ್ ಅಜ್ಜಯ್ಯನಿಗೆ. ‘ತಿಪ್ಪೇಶಂಗೆ ಮಿಷಿನ್ ಓಡ್ಸಕ್ಕೆ ಬರಲ್ಲ’ ಅಂತ ಊರಿಗೆಲ್ಲ ಹೇಳ್ಕಂಡು ಬಂದಿದಾರಂತೆ ವಿಶ್ವಾರಾಧ್ಯರು. ಕೇಳಿ ಹೊಟ್ಟೆ ಉರೀತು. ಭುವನ ಇನ್ನೂ ಮಾತಾಡ್ತಿಲ್ವಾ? ಐದು ದಿನ ಆಯ್ತಾ? ನನ್ ಮಗಳಿಗೆ ಸಿಟ್ಟು ಜಾಸ್ತಿ, ಅವಳಮ್ಮನ ಕಡೆಯಿಂದ ಬಂದಿದ್ದು.

ಏಳುತ್ತೆ, ನಾಳೆ ಎದ್ದೇ ಏಳುತ್ತೆ. ತಗಳಿ, ಮೂವತ್ತು ಮೀಟರ್, ಮೇಲೆ ಒಂದು ಮೊಳ ಮಾವನ ಪ್ರೀತಿಗೆ. ತುದಿ ಸುಟ್ಟು ಮುಚ್ತೀನಿ... ಹ್ಞಾಂ. ನೀವು ತಂದಿರೋ ಸರಪಳಿಗೂ ಹೆಣೆದಾಯ್ತು. ಇನ್ನೊಂದೇ ಒಂದು ನಿಮಿಷ. ಇದೊಂದು ಆಗ್ಬಿಟ್ರೆ...

ಯಾಕೆ ನನ್ ಕೈ ಹಿಡ್ಕಂಡ್ರಿ?

ಏನಿದೆ ನನ್ ಕೈಲಿ? ಏನೂ ಇಲ್ಲ. ಬಾಟ್ಲಿ. ಹರಳೆಣ್ಣೆ ಬಾಟ್ಲಿ...

ಓ.

ಕೈ ತಾನಾಗೇ ಹೋಯ್ತು ಅಳಿಯಂದ್ರೇ. ದೇವರಾಣೆ. ಮೂವತ್ತೊಂದು ವರ್ಷದ ಕೈ. ಎಣ್ಣೆ ಸವರ್ದೆ ಹಗ್ಗ ಅಂಗ್ಡಿ ದಾಟಬಾರ್ದು ಅಂತ ನಮ್ಮಪ್ಪ ಹೇಳ್ಕೊಟ್ಟಿದ್ದು. ಎತ್ತಿನ ಕುತ್ತಿಗೆ ಉಜ್ಜಬಾರ್ದು, ಕರು ಮೂಗು ಹರೀಬಾರ್ದು, ಅದಕ್ಕೆ. ಯಗಟಿ ಸಂತೇಲಿ ಜನ ನಮ್ಮ ಹಗ್ಗಾನ ಮೂಸಿ ನೋಡಿ ಗುರುತು ಹಿಡೀತಿದ್ರು.

ಹಂಗೆ ನೋಡ್ಬ್ಯಾಡಿ.

ಹೂಂ ಕಣ್ರೀ. ಹೋದ ಸಲ ಹಚ್ಚಿದ್ದೆ. ಮೂವತ್ತು ಮೀಟರಿಗೂ ಹಚ್ಚಿದ್ದೆ, ಎರಡು ಸಲ. ಒಳಗಿನ ಎಳೆಗೂ ಇಳೀಲಿ ಅಂತ ಬಿಸಿಲಲ್ಲಿ ಬ್ಯಾರೆ ಇಟ್ಟಿದ್ದೆ. ಅಳಿಯನ ಮೊದಲ್ನೇ ಬೋಟು, ಹಗ್ಗ ಬೆಣ್ಣೆಯಂಗಿರ್ಬೇಕು ಅಂತ. ಬೆಣ್ಣೆಯಂಗೇ ಆಯ್ತು. ಎಣ್ಣೆ ಕುಡಿದ ಹಗ್ಗಾನ ಮಿಷಿನ್ ಗಾಲಿ ಹೆಂಗೆ ಕಚ್ಚುತ್ತೆ? ಭುವನ ಫೋನ್ ಮಾಡಿ ‘ಜಾರ್ತಂತೆ ಕಣಪ್ಪ’ ಅಂದಾಗ್ಲೇ ನಂಗೆ ಹೊಳೀತು. ಹೇಳ್ಬೋದಿತ್ತು. ನಿಮ್ಮತ್ತೆ ದ್ಯಾಮಮ್ಮ ಪಕ್ಕದಲ್ಲೇ ನಿಂತಿದ್ಲು. ಹಗ್ಗದ ಈರಭದ್ರಪ್ಪನೇ ಹಗ್ಗದಲ್ಲಿ ಎಡವಿದ ಅಂತ ಆಗ್ಬಿಡುತ್ತಲ್ಲ ಅಂತ ಮುಚ್ಚಿಟ್ಟೆ. ‘ನಿನ್ ಗಂಡ ಸ್ವಿಚ್ ತಪ್ಪು ಒತ್ತಿರ್ಬೇಕು’ ಅಂದ್ಬಿಟ್ಟೆ.

ಬೈದ್ಬಿಡಿ ಅಳಿಯಂದ್ರೇ.

ಅಲ್ಲಾ... ಒಂದ್ನಿಮಿಷ. ಓನರ್ ಬರೋದ್ರೊಳಗೆ ಹಗ್ಗ ಬಿಚ್ಚಿ ಬ್ಯಾಗಿಗೆ ತುಂಬ್ಕಂಡಿದ್ದು... ನಿಮಗೆ ಗೊತ್ತಿತ್ತಾ? ಬೋಟಲ್ಲೇ ಗೊತ್ತಾಗಿತ್ತಾ? ವಾಸ್ನೆಗೇ? ಗೊತ್ತಿದ್ದೂ ಸ್ವಿಚ್ ತಪ್ಪು ಒತ್ತಿದೆ ಅಂತ ಒಪ್ಕಂಡು, ಐದು ದಿನ ಹೆಂಡ್ತಿ ಕೈಲಿ ಮಾತಿಲ್ದೆ ಊಟ ಮಾಡಿದ್ರಾ? ಈ ಮುದುಕನ ಹೆಸರು ಉಳೀಲಿ ಅಂತ?

ತಲೆ ತಗ್ಗಿಸ್ಬ್ಯಾಡಿ. ತಗ್ಗಿಸ್ಬೇಕಾದೋನು ನಾನು.

ಈ ಬಾಟ್ಲಿ ಹಿಡ್ಕಳಿ, ನನ್ ಕೈಗೆ ಎಟುಕ್ದಂಗೆ ಇಡಿ. ಹೊಸ ಹಗ್ಗಾನೂ ನೀವೇ ಹೊತ್ಕಳಿ, ನಾನು ಮುಟ್ಟಲ್ಲ. ನಾಳೆ ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಬತ್ತೀನಿ. ಆ ಹಳೇ ಹಗ್ಗಾನ ವಿಶ್ವಾರಾಧ್ಯರ ಮೂಗಿಗೆ ನಾನೇ ಹಿಡೀತೀನಿ. ಬ್ಯಾಡ ಅನ್ಬ್ಯಾಡಿ, ಬತ್ತೀನಿ ಅಂದ್ರೆ ಬತ್ತೀನಿ. ಈಗ ನಿಮ್ಮ ಫೋನ್ ಕೊಡಿ ಇಲ್ಲಿ. ಕೊಡಿ ಅಂದೆ.

ಹಲೋ... ಭುವನಾ, ಫೋನ್ ಇಡಬ್ಯಾಡ ಕಣೇ, ಇದು ನಿನ್ ಗಂಡ ಅಲ್ಲ, ನಿಮ್ಮಪ್ಪ. ಹೂಂ, ಇಲ್ಲೇ ಕೂತಿದಾರೆ. ನಿಮ್ಮನೆಗೆ ಬಂದಿರೋ ನಿಮ್ಮಮ್ಮನ್ನೂ ಕರಿ, ಇಬ್ರೂ ಕೇಳ್ರಿ. ಅವರು ಒತ್ತಿದ ಸ್ವಿಚ್ಚು ಸರಿಯಾಗೇ ಇತ್ತು ಕಣೇ.